‘ಕೀರಲ್’ ಎಂದರೆ ಗೀರು ಅಲ್ಲ

ಕಳೆದ ಮಳೆಗಾಲದ ಆರಂಭದಲ್ಲಿ ನಮ್ಮ ನೆರೆಯ ತೋಟದ ಹಿರಿಯರೊಬ್ಬರನ್ನು ಕಾಲಿನ ಹುಣ್ಣಿಗಾಗಿ ಆಸ್ಪತ್ರೆಗೆ ಸೇರಿಸಬೇಕಾಗಿ ಬಂತು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ; ಅದಕ್ಕಿಂತಲೂ ಹಳೆಯದಾದ ಬೀಡಿಯ ಚಟ. ಬಲಗಾಲಿನ ಕಿರುಬೆರಳು ಕಪ್ಪಾಗಿತ್ತು. ನಮ್ಮ ಕಡೆಯವರು ಇಂಥ ಸಂದರ್ಭದಲ್ಲಿ ಮಂಗಳೂರಿಗೆ ಹೋಗುವುದೇ ರೂಢಿ. ಇವರನ್ನು ಮಾತ್ರ, ಅಳಿಯ ಆ ಕಡೆ ಉದ್ಯೋಗದಲ್ಲಿದ್ದ ಕಾರಣ, ತೆಂಕು ದಿಕ್ಕಿನ ಒಂದು ದೊಡ್ಡ ಆಸ್ಪತ್ರೆಗೆ ಒಯ್ದರು. ಕಾಲಿನ ರಕ್ತನಾಳ ಸುಣ್ಣಗಟ್ಟಿ ಮುಚ್ಚಿದೆ, ಬಲೂನು ಹಾಕಿ ತೆರೆಯಬೇಕು ಎಂದು ಅಲ್ಲಿ ತೀರ್ಮಾನವಾಯಿತು.

ಸಹಿಯ ಕಾಗದ ತಂದ ದಾದಿ ಒಳ್ಳೆಯವಳೇ. ತನ್ನ ಭಾಷೆಯಲ್ಲಿ ನಿಧಾನವಾಗಿ ವಿವರಿಸಿದ್ದಾಳೆ. “ಉಳ್ಳಿಲ್ ಚೆರಿಯ ಕೀರಲ್ ಉಂಡಾಗಾಂ” ಎಂದೂ ಹೇಳಿದ್ದಾಳೆ. ಒಳಗೆ ಸಣ್ಣ ಹರಿತ ಉಂಟಾಗಬಹುದು ಎಂದು ಅದರ ಅರ್ಥ. ಹಿರಿಯರ ಹೆಂಡತಿಗೆ ತುಳು, ಕನ್ನಡ ಎರಡೂ ನೀರು ಕುಡಿದಷ್ಟು ಸುಲಭ; ಮಲಯಾಳ ಮಾತ್ರ ಸಂತೆಯಲ್ಲಿ ಮೀನು ಕೇಳುವಷ್ಟು. ಅವರ ಕಿವಿಗೆ ‘ಕೀರಲ್’ ಎಂಬುದು ‘ಗೀರು’ ಎಂದು ಬಿತ್ತು. ತೋಟದಲ್ಲಿ ಮುಳ್ಳು ತಾಗಿ ದಿನಕ್ಕೆ ಹತ್ತು ಗೀರು ಆಗುತ್ತದೆ, ಅದಕ್ಕೆ ಹೆದರುವುದುಂಟೇ? ಸಹಿ ಹಾಕಿದರು.

ಬಲೂನು ಉಬ್ಬಿಸಿದಾಗ ನಾಳದ ಒಳಪದರ ಉದ್ದಕ್ಕೆ ಸೀಳಿತು. ರಕ್ತದ ಹರಿವು ಕುಂದಿತು. ಒಡನೆಯೇ ಲೋಹದ ಬಲೆಯ ಕೊಳವೆ, ಅಂದರೆ ಸ್ಟೆಂಟ್, ಇಟ್ಟು ಸರಿಪಡಿಸಿದರು. ಕಾಲು ಉಳಿಯಿತು, ಬೆರಳು ಹೋಯಿತು. ಬಿಲ್ಲು ಮಾತ್ರ ಮೊದಲು ಹೇಳಿದ ಮೊತ್ತವನ್ನು ಮೀರಿ ಹೋಗಿತ್ತು. “ಡಾಕ್ಟ್ರು ನರ ಹರಿದು ಹಾಕಿದ್ರು, ಆಮೇಲೆ ಅದಕ್ಕೆ ತೇಪೆ ಹಾಕಿ ನಮ್ಮಿಂದಲೇ ದುಡ್ಡು ತೆಗೊಂಡ್ರು” ಎಂದು ಮಗ ಕೂಗಾಡಿದ. ಪೊಲೀಸು ದೂರಿನ ಮಾತೂ ಬಂತು. ನಡುವೆ ಮಾತನಾಡಲು ಇರಲಿ ಎಂದು ನನ್ನನ್ನು ಕರೆಸಿಕೊಂಡರು. ಎರಡೂ ಭಾಷೆ ತಿಳಿದ ಮೇಷ್ಟರಿಗೆ ನಮ್ಮ ಊರುಗಳಲ್ಲಿ ಒದಗಿ ಬರುವ ಕೆಲಸ ಇದು.

ಡಾಕ್ಟರರು ಸಿಡುಕಲಿಲ್ಲ. ಬಲೂನಿಗೆ ಮೊದಲು ತೆಗೆದ ಚಿತ್ರವನ್ನು ತೋರಿಸಿದರು. ತೊಡೆಯಿಂದ ಮೊಣಕಾಲಿನವರೆಗೆ ರೈಲಿನ ಹಳಿಗಳಂತೆ ಎರಡು ಬಿಳಿಯ ಗೆರೆಗಳು. ಮೂಳೆಯಲ್ಲ, ರಕ್ತನಾಳದ ಗೋಡೆಯಲ್ಲಿ ಕಟ್ಟಿದ ಸುಣ್ಣ. “ಇಷ್ಟು ಸುಣ್ಣ ಇದ್ದಾಗ ಹೀಗೆ ಆಗಬಹುದೆಂದು ನಮಗೆ ಮೊದಲೇ ಗೊತ್ತಿತ್ತು. ಹೇಳಿಯೂ ಇದ್ದೇವೆ” ಎಂದರು. ಹೇಳಿದ್ದೂ ನಿಜ, ಕೇಳಿದವರಿಗೆ ತಲುಪದ್ದೂ ನಿಜ. ಆ ಹೊತ್ತಿನಿಂದ ಈ ಸಂಗತಿ ನನ್ನ ತಲೆಯನ್ನು ಬಿಟ್ಟಿಲ್ಲ. ನಾಳ ಸೀಳೀತೇ ಎಂಬ ಮುನ್ಸೂಚನೆ ಒಬ್ಬರ ಕೈಯಲ್ಲಿದೆ. ಸಹಿ ಹಾಕುವ ಕೈ ಇನ್ನೊಬ್ಬರದು. ಆ ಎರಡು ಕೈಗಳ ನಡುವೆ ಒಂದು ಭಾಷೆ ಇಲ್ಲ. ಇದು ಸಣ್ಣ ವಿಷಯವಲ್ಲ ಎಂದು ನನ್ನ ಅಭಿಪ್ರಾಯ.

ಮೊದಲಿಗೆ ಆ ಸೀಳು ಏನು, ಏಕೆ ಎಂಬುದು ನಮ್ಮ ಮನೆಗಳಲ್ಲಿ ತಿಳಿಯಬೇಕು. ನಾನು ವೈದ್ಯನಲ್ಲ. ಆ ದಿನದ ಬಳಿಕ ಓದಿಯೂ ಕೇಳಿಯೂ ತಿಳಿದುಕೊಂಡದ್ದನ್ನು ತರಗತಿಯಲ್ಲಿ ಹೇಳುವಂತೆ ಇಲ್ಲಿ ಹೇಳುತ್ತಿದ್ದೇನೆ.

ತೊಡೆಯಲ್ಲಿ ಇಳಿಯುವ ಅಪಧಮನಿ ಪೆನ್ಸಿಲಿಗಿಂತ ಸ್ವಲ್ಪ ಸಪುರ, ಸುಮಾರು 5ರಿಂದ 6 ಮಿಲ್ಲಿಮೀಟರು. ಮೊಣಕಾಲಿನ ಕೆಳಗೆ ಕವಲೊಡೆದ ಮೇಲೆ ಬೆಂಕಿಕಡ್ಡಿಯಷ್ಟು, ಅಥವಾ ಅದಕ್ಕಿಂತ ತುಸು ದಪ್ಪ. ಇದರ ಗೋಡೆಗೆ ಮೂರು ಪದರ. ಒಳಪದರದಲ್ಲಿ ಕೊಬ್ಬು ಸೇರಿ ಗಂಟುಗಟ್ಟಿ ಅದರಲ್ಲಿ ಸುಣ್ಣ ಕೂರುವುದು ಒಂದು ಬಗೆ. ಹೊಗೆ ಸೇದುವವರಲ್ಲಿ, ರಕ್ತದ ಒತ್ತಡ ಇರುವವರಲ್ಲಿ ಇದು ಹೆಚ್ಚು. ನಡುವಿನ ಸ್ನಾಯುಪದರವೇ ಉದ್ದಕ್ಕೂ ಸುಣ್ಣಗಟ್ಟಿ ಕೊಳವೆಯಂತೆ ಗಡುಸಾಗುವುದು ಇನ್ನೊಂದು ಬಗೆ. ಜರ್ಮನಿಯ ಮೆಂಕೆಬರ್ಗ್ ಎಂಬ ವೈದ್ಯ 1903ರಲ್ಲಿ ಇದನ್ನು ವರ್ಣಿಸಿದ. ಸಕ್ಕರೆ ಕಾಯಿಲೆಯವರಲ್ಲಿ, ಮೂತ್ರಪಿಂಡ ಸೋತವರಲ್ಲಿ ಇದು ಸಾಮಾನ್ಯ. ಹಲವರಿಗೆ ಎರಡೂ ಇರುತ್ತವೆ. (ಎಲೆಗೆ ಹಚ್ಚುವ ಸುಣ್ಣ ಹೋಗಿ ಅಲ್ಲಿ ಕೂತದ್ದಲ್ಲ. ಆದರೆ ಎಲೆಯ ಜೊತೆಗಿನ ಹೊಗೆಸೊಪ್ಪನ್ನು ಬಿಡುವುದಕ್ಕೆ ಇದೇ ನೆಪವಾದರೆ ನನ್ನ ಆಕ್ಷೇಪವಿಲ್ಲ.)

ಬಲೂನು ಮಾಡುವುದೇನು? ಸಪುರವಾದ ತಂತಿಯ ಮೇಲೆ ಮಡಚಿದ ಬಲೂನನ್ನು ಮುಚ್ಚಿದ ಜಾಗಕ್ಕೆ ಒಯ್ದು ಉಬ್ಬಿಸುತ್ತಾರೆ. ಕಾರಿನ ಚಕ್ರಕ್ಕೆ ತುಂಬುವ ಗಾಳಿಯ ಒತ್ತಡ ಸುಮಾರು 2 ವಾಯುಭಾರ. ಇಲ್ಲಿ ಅದು 6, 8, ಸುಣ್ಣ ಗಟ್ಟಿಯಿದ್ದರೆ 11-12ರ ತನಕವೂ ಹೋಗುತ್ತದೆ. ನಾಳ ಹಿಗ್ಗುವುದು ರಬ್ಬರಿನಂತೆ ಅಲ್ಲ. ಒಳಗಿನ ಗಡ್ಡೆ ಒಡೆದು, ಒಳಪದರ ಅಲ್ಲಲ್ಲಿ ಬಿರಿದೇ ದಾರಿ ಅಗಲವಾಗುವುದು. ಆದ್ದರಿಂದ ಸ್ವಲ್ಪ ಬಿರಿತ ಎಂಬುದು ಈ ಚಿಕಿತ್ಸೆಯ ದೋಷವಲ್ಲ, ಅದರ ದಾರಿಯೇ ಅದು. ಪ್ರಶ್ನೆ ಇರುವುದು ಬಿರಿತ ಎಷ್ಟು, ಎಲ್ಲಿ ಎಂಬುದರಲ್ಲಿ.

ಅಡಿಕೆಯ ಹಾಳೆಯಿಂದ ತಟ್ಟೆ ಮಾಡುವುದನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ನೆನೆಸಿದ ಹಾಳೆ ಅಚ್ಚಿನಲ್ಲಿ ಬಾಗುತ್ತದೆ. ಒಣಗಿದ್ದನ್ನು ಹಾಗೆಯೇ ಒತ್ತಿದರೆ ಒಡೆಯುತ್ತದೆ. ಒಂದು ಬದಿ ನೆನೆದು ಇನ್ನೊಂದು ಬದಿ ಒಣಗಿದ ಹಾಳೆಯನ್ನು ಒತ್ತಿದರೆ ನೆನೆದದ್ದು ಬಾಗಿ, ಒಣಗಿದ್ದು ಬಾಗದೆ, ಎರಡೂ ಸೇರುವ ಗೆರೆಯಲ್ಲಿ ಬಿರಿಯುತ್ತದೆ. ರಕ್ತನಾಳದಲ್ಲಿಯೂ ಹೀಗೆಯೇ. ಗೋಡೆಯ ಒಂದು ಬದಿ ಸುಣ್ಣಗಟ್ಟಿದ್ದರೆ ಅದು ಹಿಗ್ಗದು. ಹಿಗ್ಗಬೇಕಾದ ಭಾರವೆಲ್ಲ ಎದುರಿನ ಮೃದು ಗೋಡೆಯ ಮೇಲೆ ಬೀಳುತ್ತದೆ. ಸುಣ್ಣವೂ ಮೃದು ಗೋಡೆಯೂ ಕೂಡುವ ಅಂಚಿನಲ್ಲಿ ಸೀಳು ಹುಟ್ಟುತ್ತದೆ. ಹೃದಯದ ನಾಳಗಳಲ್ಲಿ ಅಲ್ಟ್ರಾಸೌಂಡಿನ ಸಣ್ಣ ತುದಿಯನ್ನು ಒಳಗೇ ಇಳಿಸಿ ನೋಡಿದ ಅಮೆರಿಕದ ವೈದ್ಯರು 1992ರಲ್ಲಿಯೇ ಇದನ್ನು ಬರೆದಿಟ್ಟಿದ್ದಾರೆ. ಆದುದರಿಂದ ಸೀಳು ಎಂಬುದು ದೈವ ಮುನಿದು ಆಗುವಂಥದ್ದಲ್ಲ. ಅದಕ್ಕೊಂದು ಲೆಕ್ಕಾಚಾರವಿದೆ.

ಆ ಲೆಕ್ಕಾಚಾರದ ಸಾಮಗ್ರಿ ಬಹುಮಟ್ಟಿಗೆ ಬಲೂನು ಉಬ್ಬಿಸುವ ಮೊದಲೇ ಡಾಕ್ಟರರ ಮೇಜಿನ ಮೇಲೆ ಇರುತ್ತದೆ. ಸುಣ್ಣ ನಾಳದ ಒಂದೇ ಬದಿಗಿದೆಯೋ ಎರಡೂ ಬದಿಗಿದೆಯೋ, 5 ಸೆಂಟಿಮೀಟರಿಗಿಂತ ಕಡಮೆಯೋ ಹೆಚ್ಚೋ ಎಂದು ಎಕ್ಸ್‌ರೇ ಚಿತ್ರದಲ್ಲಿ ನೋಡಿ 0ಯಿಂದ 4ರ ತನಕ ಅಂಕ ಕೊಡುವ ಒಂದು ಕ್ರಮ 2014ರಿಂದ ಬಳಕೆಯಲ್ಲಿದೆ. ಎರಡೂ ಬದಿಗೆ, 5 ಸೆಂಟಿಮೀಟರು ಮೀರಿ ಇದ್ದರೆ 4. ನಮ್ಮ ನೆರೆಯವರದು ಕಣ್ಣು ಮುಚ್ಚಿ ಕೊಡಬಹುದಾದ 4. ಎಕ್ಸ್‌ರೇ ನೆರಳಿನ ಚಿತ್ರ ಮಾತ್ರ, ಸಿ.ಟಿ. ಸ್ಕ್ಯಾನಿನಲ್ಲಿ ಸುಣ್ಣ ನಾಳವನ್ನು ಕಾಲು ಸುತ್ತು ಬಳಸಿದೆಯೋ ಪೂರ್ತಿ ಸುತ್ತಿದೆಯೋ ಎಂಬುದೂ ಕಾಣುತ್ತದೆ. ಮುಚ್ಚಿದ ಭಾಗ ಉದ್ದವಾದಷ್ಟು, ನಾಳ ಸಪುರವಾದಷ್ಟು, ಪೂರ್ತಿ ಮುಚ್ಚಿ ಬಹುಕಾಲವಾದಷ್ಟು ಸೀಳಿನ ಭಯ ಹೆಚ್ಚು. ಪೂರ್ತಿ ಮುಚ್ಚಿದಲ್ಲಿ ತಂತಿಗೆ ನೇರ ದಾರಿ ಸಿಗದೆ ಪದರಗಳ ನಡುವೆ ನುಸುಳಿ ಹೋಗುವುದೂ ಉಂಟು. ಇನ್ನು ಉಳಿದದ್ದು ಡಾಕ್ಟರರ ಕೈಯಲ್ಲಿಯೇ ಇರುವ ಸಂಗತಿ: ಬಲೂನಿನ ಗಾತ್ರ, ಉಬ್ಬಿಸುವ ವೇಗ, ಒತ್ತಡ. ನಾಳಕ್ಕಿಂತ ದೊಡ್ಡ ಬಲೂನನ್ನು ಅವಸರದಲ್ಲಿ ಉಬ್ಬಿಸಿದರೆ ಏನಾದೀತೆಂದು ಹೇಳಲು ವೈದ್ಯಶಾಸ್ತ್ರ ಬೇಡ.

ಇಲ್ಲಿ ಇನ್ನೊಂದು ಮಾತನ್ನು ಸೇರಿಸಲೇಬೇಕು. ಸಕ್ಕರೆ ಕಾಯಿಲೆಯವರ ಕಾಲಿನ ಪರೀಕ್ಷೆಗೆ ಕಣಕಾಲಿನ ರಕ್ತದ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿ ನೋಡುವುದುಂಟು. 0.9ಕ್ಕಿಂತ ಕಡಮೆ ಬಂದರೆ ಕಾಲಿಗೆ ರಕ್ತ ಸಾಲದು. ಆದರೆ ನಾಳ ಸುಣ್ಣಗಟ್ಟಿ ಗಡುಸಾಗಿದ್ದರೆ ಪಟ್ಟಿ ಬಿಗಿದರೂ ಅದು ಅದುಮುವುದಿಲ್ಲ. ಲೆಕ್ಕ 1.4ನ್ನೂ ಮೀರಿ ‘ಬಹಳ ಚೆನ್ನಾಗಿದೆ’ ಎಂಬಂತೆ ಕಾಣುತ್ತದೆ. ಅದು ಚೆನ್ನಾಗಿರುವುದರ ಗುರುತಲ್ಲ, ಸುಣ್ಣದ ಗುರುತು. ಅಂಥವರಿಗೆ ಕಾಲಿನ ಹೆಬ್ಬೆರಳಿನ ಒತ್ತಡ ನೋಡಬೇಕು. ಕಾಗದದಲ್ಲಿ ದೊಡ್ಡ ಅಂಕೆ ಕಂಡು ಸಮಾಧಾನದಿಂದ ಮನೆಗೆ ಬಂದು ಬೆರಳು ಕಳಕೊಂಡವರನ್ನು ನಾನು ಬಲ್ಲೆ.

ಸೀಳಿದ ಮೇಲೂ ಲೆಕ್ಕ ಮುಗಿಯುವುದಿಲ್ಲ. ಹೃದಯದ ನಾಳಗಳಿಗಾಗಿ ಮಾಡಿದ ‘ಎ’ಯಿಂದ ‘ಎಫ್’ವರೆಗಿನ ಒಂದು ವರ್ಗೀಕರಣವನ್ನು ಕಾಲಿಗೂ ಬಳಸುತ್ತಾರೆ. ‘ಎ’, ‘ಬಿ’ ಸಣ್ಣವು. ಸಾಮಾನ್ಯವಾಗಿ ಹಾಗೆಯೇ ಬಿಡುತ್ತಾರೆ, ತಾವಾಗಿ ಮಾಯುತ್ತವೆ. ‘ಸಿ’ಯಿಂದ ಮೇಲೆ ಗಂಭೀರ. ‘ಎಫ್’ ಎಂದರೆ ಹರಿವೇ ನಿಂತಿತು. ಮೊದಲ ಉಪಾಯ, ಅದೇ ಬಲೂನನ್ನು ಕಡಮೆ ಒತ್ತಡದಲ್ಲಿ ಕೆಲವು ನಿಮಿಷ ಹಿಡಿದು ಒಳಪದರವನ್ನು ಗೋಡೆಗೆ ಅಂಟಿಸುವುದು. ಅದರಿಂದ ಆಗದಿದ್ದರೆ ಸ್ಟೆಂಟು. ಸ್ಟೆಂಟು ಇಟ್ಟರೆ ಮುಗಿಯಿತಲ್ಲ ಎನ್ನಬೇಡಿ. ಮೊಣಕಾಲಿನ ಹಿಂದಿನ ಮಡಿಕೆಯಲ್ಲಿ ಇಟ್ಟ ಲೋಹ ಪ್ರತಿ ಸಲ ಕಾಲು ಮಡಚಿದಾಗಲೂ ಬಾಗಬೇಕು. ಕುಕ್ಕರಗಾಲಲ್ಲಿ ಕೂತು ಅಡಿಕೆ ಹೆಕ್ಕುವವರು, ಚಕ್ಕಳಮಕ್ಕಳ ಹಾಕಿ ಮಡಿಲಲ್ಲಿ ಮೊರ ಇಟ್ಟು ಬೀಡಿ ಕಟ್ಟುವವರು, ನೆಲದಲ್ಲಿ ಎಲೆ ಹಾಕಿ ಉಣ್ಣುವವರು ನಾವು. ಕುರ್ಚಿಯ ಮೇಲೆ ಬಾಳುವ ದೇಶಗಳಲ್ಲಿ ಕೇಳದ ಪ್ರಶ್ನೆಯನ್ನು ನಮ್ಮವರು ಕೇಳಲೇಬೇಕಾಗುತ್ತದೆ: “ಡಾಕ್ಟ್ರೆ, ಇನ್ನು ನೆಲದಲ್ಲಿ ಕೂರಬಹುದೋ?” ಯಾರಾದರೂ ಕೇಳಿದ್ದಾರೆಯೇ? ಕೇಳಲು ಶಬ್ದ ಇದ್ದರೆ ತಾನೆ.

ಸೀಳು ತಪ್ಪಿಸಲು ಹೊಸ ದಾರಿಗಳೂ ಬಂದಿವೆ. ಮೂತ್ರದ ಕಲ್ಲನ್ನು ಹೊರಗಿನಿಂದ ಆಘಾತದ ಅಲೆಗಳಿಂದ ಪುಡಿ ಮಾಡುವುದನ್ನು ಎಲ್ಲರೂ ಕೇಳಿದ್ದೀರಿ. ಅದೇ ತತ್ತ್ವವನ್ನು ಬಲೂನಿನ ಒಳಗೇ ಇಟ್ಟು, ಮೊದಲು ಸುಣ್ಣವನ್ನು ಬಿರುಕುಗೊಳಿಸಿ ಆಮೇಲೆ ಕಡಮೆ ಒತ್ತಡದಲ್ಲಿ ಹಿಗ್ಗಿಸುವ ಸಾಧನವಿದೆ. ಹಾಳೆಯನ್ನು ನೆನೆಸಿ ಅಚ್ಚಿಗೆ ಹಾಕಿದ ಹಾಗೆ ಎಂದಿಟ್ಟುಕೊಳ್ಳಿ. ಸುಣ್ಣ ಬಲವಾಗಿ ಕಟ್ಟಿದ 306 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಪರೀಕ್ಷಿಸಿದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಹರಿವನ್ನೇ ತಡೆಯುವಂಥ ಸೀಳು ಸಾಮಾನ್ಯ ಬಲೂನಿನ ಗುಂಪಿನಲ್ಲಿ ಶೇಕಡಾ 6.8, ಹೊಸ ಸಾಧನದ ಗುಂಪಿನಲ್ಲಿ ಶೇಕಡಾ 1.4. ಸ್ಟೆಂಟು ಬೇಕಾದದ್ದು ಮೊದಲ ಗುಂಪಿನಲ್ಲಿ ಶೇಕಡಾ 18.3, ಎರಡನೆಯದರಲ್ಲಿ 4.6. ಗಮನಾರ್ಹ ವ್ಯತ್ಯಾಸವೇ. ಆದರೆ ಒಂದು ವರ್ಷದೊಳಗೆ ಅದೇ ಜಾಗಕ್ಕೆ ಮತ್ತೆ ಚಿಕಿತ್ಸೆ ಬೇಕಾದವರು ಎರಡು ಗುಂಪಿನಲ್ಲಿಯೂ ಹೆಚ್ಚುಕಡಮೆ ಅಷ್ಟಷ್ಟೇ. ಸಾಧನದ ಬೆಲೆಯೂ ಸಾಮಾನ್ಯ ಬಲೂನಿನದಲ್ಲ. ಹೊಸದು ಎಂದ ಮಾತ್ರಕ್ಕೆ ತೋಟ ಅಡವಿಟ್ಟು ಓಡಬೇಕೆಂದು ನಾನು ಹೇಳಲಾರೆ. ಆದರೆ ‘ಸುಣ್ಣ 4ನೆಯ ದರ್ಜೆ’ ಎಂದು ಮೊದಲೇ ಗೊತ್ತಿದ್ದವರಿಗೆ, ಇಂಥದ್ದೊಂದು ಇದೆ, ಇಷ್ಟು ಪ್ರಯೋಜನ, ಇಷ್ಟು ಖರ್ಚು ಎಂದು ತಿಳಿಯುವ ಹಕ್ಕು ಇದೆಯೋ ಇಲ್ಲವೋ?

ಈ ಮುನ್ಸೂಚನೆ ಖಚಿತವಲ್ಲ ಎಂಬ ಮಾತು ಬರುತ್ತದೆ. ನಿಜ. 4ನೆಯ ದರ್ಜೆಯ ಸುಣ್ಣವಿದ್ದೂ ಚೆನ್ನಾಗಿ ತೆರೆದುಕೊಂಡ ನಾಳಗಳಿವೆ. ಸುಣ್ಣವೇ ಕಾಣದಲ್ಲಿ ಸೀಳಿದವೂ ಇವೆ. ಔಷಧ ಹಾಯಿಸಿ ತೆಗೆಯುವ ಆಂಜಿಯೋಗ್ರಾಂ ಚಿತ್ರಕ್ಕೆ ಕಾಣದ ಎಷ್ಟೋ ಸೀಳುಗಳು ಒಳಗೆ ಇಳಿಸಿದ ಅಲ್ಟ್ರಾಸೌಂಡಿಗೆ ಕಾಣುತ್ತವೆ. ಹಾಗಾಗಿ ಸೀಳು ಎಷ್ಟು ಜನರಿಗೆ ಆಗುತ್ತದೆ ಎಂಬ ಲೆಕ್ಕವೇ ನೋಡುವ ಉಪಕರಣದ ಮೇಲೆ ಹೋಗುತ್ತದೆ. ಗಣಕಯಂತ್ರದಲ್ಲಿ ನಾಳದ ಪ್ರತಿರೂಪ ಮಾಡಿ ಬಲೂನನ್ನು ಅಲ್ಲಿಯೇ ಉಬ್ಬಿಸಿ ನೋಡುವ ಪ್ರಯತ್ನಗಳೂ ನಡೆದಿವೆ, ಆದರೆ ಅವು ಇನ್ನೂ ಸಂಶೋಧನೆಯ ಕೋಣೆಯವು. ಇರಲಿ. ಮಳೆಗಾಲದಲ್ಲಿ ನಮ್ಮ ಜಿಲ್ಲೆಗೆ ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆ ಬರುವುದಿಲ್ಲವೇ? ಕೆಂಪಿನ ದಿನ ಬಿಸಿಲು ಬಿದ್ದು ಮಕ್ಕಳು ರಜೆಯಲ್ಲಿ ಕ್ರಿಕೆಟ್ ಆಡಿದ್ದೂ ಉಂಟು. ಅದಕ್ಕಾಗಿ ಇನ್ನು ಮುಂದೆ ಎಚ್ಚರಿಕೆಯೇ ಕೊಡಬೇಡಿ ಎಂದು ಯಾರೂ ಹೇಳಿಲ್ಲ. ದೋಣಿ ಇಳಿಸುವುದೋ ಬಿಡುವುದೋ ಎಂದು ತೀರ್ಮಾನಿಸುವವನು ಮೀನುಗಾರ. ಆದರೆ ಅವನಿಗೆ ಸುದ್ದಿ ಮುಟ್ಟಿರಬೇಕು, ಅವನಿಗೆ ತಿಳಿಯುವ ಮಾತಿನಲ್ಲಿ.

ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು. ವೈದ್ಯಮಿತ್ರರೊಬ್ಬರು ನನಗೆ ನೇರವಾಗಿಯೇ ಹೇಳಿದರು. “ಹರಿಯುತ್ತದೆ ಎಂದು ಹಳ್ಳಿಯವರಿಗೆ ಹೇಳಿ ನೋಡಿ. ರಾತ್ರಿ ಬೆಳಗಾಗುವುದರೊಳಗೆ ಎಬ್ಬಿಸಿಕೊಂಡು ಹೋಗುತ್ತಾರೆ. ಸೊಪ್ಪು ಅರೆದು ಕಟ್ಟುತ್ತಾರೆ. ತಿಂಗಳ ಬಳಿಕ ತೊಡೆಯ ಮಟ್ಟಕ್ಕೆ ಕಡಿಯಬೇಕಾಗುತ್ತದೆ.” ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹುಣ್ಣು, ಕೊಳೆತ ಇರುವ ಕಾಲಿಗೆ ರಕ್ತದ ದಾರಿ ತೆರೆಯದೆ ಬಿಟ್ಟರೆ ಒಂದು ವರ್ಷದಲ್ಲಿ ನೂರಕ್ಕೆ ಸುಮಾರು 22 ಮಂದಿಯ ಕಾಲು ಹೋಗುತ್ತದೆ, ಹೆಚ್ಚುಕಡಮೆ ಅಷ್ಟೇ ಮಂದಿ ಸಾಯುತ್ತಾರೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ಲೆಕ್ಕವಿದೆ. ಹಾಗಾದರೆ ಅದನ್ನೂ ಹೇಳಿ! ಮಾಡಿದರೆ ಏನಾದೀತು, ಮಾಡದಿದ್ದರೆ ಏನಾದೀತು ಎಂಬ ಎರಡನ್ನೂ ತಕ್ಕಡಿಯಲ್ಲಿ ಇಟ್ಟು ತೋರಿಸಿದರೆ ನಮ್ಮ ಹೆಂಗಸರು ಡಾಕ್ಟರರಿಗಿಂತ ಬೇಗ ತೀರ್ಮಾನಿಸುತ್ತಾರೆ. ಬ್ಯಾಂಕಿನ ಸಾಲ, ಮಗಳ ಮದುವೆ, ಅಡಿಕೆಯ ಕೊಳೆರೋಗ, ಎಲ್ಲವನ್ನೂ ತೂಗಿ ಬದುಕಿದವರು ಅವರು. ಒಂದೇ ತಟ್ಟೆಯನ್ನು ತೋರಿಸಿ ಇನ್ನೊಂದನ್ನು ಮುಚ್ಚಿಡುವುದರಿಂದಲೇ ಓಡಿಹೋಗುವುದು, ಇಲ್ಲವೇ ಆಮೇಲೆ ಜಗಳ.

ಅಲ್ಲದೆ ಎಲ್ಲ ಕಾಲೂ ಒಂದೇ ಅಲ್ಲ. ಹುಣ್ಣಿಲ್ಲದೆ, ನಡೆದಾಗ ಮಾತ್ರ ಮೀನಖಂಡ ಹಿಡಿದು ನಿಲ್ಲುವವರಿಗೆ ಅವಸರವಿಲ್ಲ. ಬೀಡಿ ಬಿಟ್ಟು, ಔಷಧ ತೆಗೆದುಕೊಂಡು, ನೋವು ಬರುವ ತನಕ ನಡೆದು ನಿಂತು ಮತ್ತೆ ನಡೆಯುವ ಕ್ರಮಬದ್ಧ ಅಭ್ಯಾಸದಿಂದಲೇ ಹಲವರಿಗೆ ಗುಣ ಕಾಣುತ್ತದೆ. ಅಂಥವರ ಮಟ್ಟಿಗೆ ಸೀಳಿನ ಭಯಕ್ಕೆ ತೂಕ ಹೆಚ್ಚು. ಕಾಲು ಕೊಳೆಯುತ್ತಿರುವವನಿಗೆ ಅದೇ ಭಯಕ್ಕೆ ತೂಕ ಕಡಮೆ. ಇನ್ನು ಬಲೂನೋ, ಕಾಲಿನದೇ ಅಭಿಧಮನಿ ತೆಗೆದು ಬದಲು ದಾರಿ ಹೊಲಿಯುವ ಬೈಪಾಸೋ ಎಂಬುದರಲ್ಲಿ ದೊಡ್ಡ ದೊಡ್ಡ ಡಾಕ್ಟರರಲ್ಲಿಯೇ ಒಮ್ಮತವಿಲ್ಲ. 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆ ಒಳ್ಳೆಯ ಅಭಿಧಮನಿ ಇದ್ದವರಿಗೆ ಬೈಪಾಸಿನ ಕಡೆ ವಾಲಿತು. 2023ರಲ್ಲಿ ಬ್ರಿಟನ್ನಿನಿಂದ ಬಂದ ಇನ್ನೊಂದು, ಮೊಣಕಾಲಿನ ಕೆಳಗಿನ ನಾಳಗಳಿಗೆ ಬಲೂನಿನ ಕಡೆ. ತಿಳಿದವರೇ ಎರಡು ಹೇಳುವಲ್ಲಿ ರೋಗಿಗೆ ಒಂದನ್ನೇ ಹೇಳುವುದು ನ್ಯಾಯವೇ?

ಈ ಚಿಕಿತ್ಸೆಯ ಹುಟ್ಟಿನ ಕತೆಯನ್ನು ನೆನೆದರೆ ನನಗೆ ಇನ್ನೂ ವಿಚಿತ್ರವೆನಿಸುತ್ತದೆ. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ ಚಾರ್ಲ್ಸ್ ಡಾಟರ್ ಎಂಬ ಡಾಕ್ಟರರು 82 ವರ್ಷದ ಒಬ್ಬ ಅಜ್ಜಿಯ ತೊಡೆಯ ನಾಳವನ್ನು ಒಂದಕ್ಕಿಂತ ಒಂದು ದಪ್ಪವಾದ ಕೊಳವೆಗಳನ್ನು ತೂರಿಸಿ ತೆರೆದರು. ಬಲೂನು ಆಗ ಇರಲಿಲ್ಲ. ಅದು 1974ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಗ್ರುಂಟ್ಸಿಗ್ ಅವರಿಂದ ಬಂತು, ಮೊದಲು ಕಾಲಿಗೆ, 1977ರಲ್ಲಿ ಹೃದಯಕ್ಕೆ. ಡಾಟರರ ಆ ಅಜ್ಜಿಯ ಬೆರಳುಗಳು ಕೊಳೆತಿದ್ದವು. ಕಾಲು ತೆಗೆಯಬೇಕೆಂದು ಶಸ್ತ್ರವೈದ್ಯರು ಹೇಳಿದ್ದರು. ಆಕೆ ಒಪ್ಪಲಿಲ್ಲ. ಕಡೆಗಾಲದ ತನಕ ತನ್ನ ಕಾಲಿನಲ್ಲಿಯೇ ನಡೆದಳು. ಒಬ್ಬ ಮುದುಕಿ ತನ್ನ ಭಾಷೆಯಲ್ಲಿ ಕೇಳಿ, ತನ್ನ ಭಾಷೆಯಲ್ಲಿ ‘ಬೇಡ’ ಎಂದ ಒಂದು ಮಾತಿನಿಂದ ಹುಟ್ಟಿದ ಚಿಕಿತ್ಸೆಗೆ ನಮ್ಮ ಅಜ್ಜಿಯಂದಿರು ತಿಳಿಯದ ಭಾಷೆಯಲ್ಲಿ ‘ಆಗಲಿ’ ಎನ್ನಬೇಕಾಗಿದೆ.

ಕಾಯಿದೆಯ ಮಾತಿಗೆ ಬಂದರೆ, 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟವಾಗಿಯೇ ಹೇಳಿದೆ: ಚಿಕಿತ್ಸೆಯ ಸ್ವರೂಪ, ಉದ್ದೇಶ, ಪ್ರಯೋಜನ, ಬದಲು ದಾರಿಗಳು, ಗಣನೀಯ ಅಪಾಯಗಳು, ಮಾಡದಿದ್ದರೆ ಆಗುವ ಪರಿಣಾಮ, ಇಷ್ಟನ್ನು ತಿಳಿಸಿ ಪಡೆದದ್ದೇ ಒಪ್ಪಿಗೆ. ರೋಗಿಗೆ ಗೊತ್ತಿರುವ ಭಾಷೆಯಲ್ಲಿ, ಅವನ ತಿಳುವಳಿಕೆಯ ಮಟ್ಟದಲ್ಲಿ ವಿವರಿಸಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿದೆ. ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಲು ಇಲ್ಲಿನ ಕನ್ನಡಿಗರಿಗೆ 1969ರ ಕೇರಳದ ಆಡಳಿತ ಭಾಷಾ ಕಾಯಿದೆಯೇ ಅವಕಾಶ ಕೊಟ್ಟಿದೆ. ಕಾಗದದ ಮೇಲೆ ನಮಗೆ ಕೊರತೆಯೇನಿಲ್ಲ.

ಕೊರತೆ ನಮ್ಮಲ್ಲಿಯೇ ಇದೆ ಎಂದರೆ ಕೆಲವರಿಗೆ ಸಿಟ್ಟು ಬರಬಹುದು. ಬೋರ್ಡಿನಲ್ಲಿ ಕನ್ನಡ ಅಳಿಸಿದರೆ ಮೆರವಣಿಗೆ ಮಾಡುತ್ತೇವೆ, ಮಾಡಲೇಬೇಕು. ಕನ್ನಡ ಬಾರದವರನ್ನು ಕನ್ನಡ ಶಾಲೆಗೆ ಹಾಕಿದರೆ ಬೀದಿಗಿಳಿಯುತ್ತೇವೆ, ನಾನೂ ಇಳಿದಿದ್ದೇನೆ. ಆದರೆ ಇಷ್ಟು ವರ್ಷಗಳಲ್ಲಿ ಆಸ್ಪತ್ರೆಯ ಒಪ್ಪಿಗೆ ಪತ್ರ ಕನ್ನಡದಲ್ಲಿ ಬೇಕೆಂದು ಒಂದು ಮನವಿಯನ್ನಾದರೂ ಕೊಟ್ಟದ್ದು ನನ್ನ ನೆನಪಿನಲ್ಲಿ ಇಲ್ಲ. ಮಂಗಳೂರಿಗೆ ಹೋದರೆ ಎಲ್ಲ ಸರಿ ಎಂಬ ಭಾವನೆಯೂ ಬೇಡ. ಅಲ್ಲಿ ಡಾಕ್ಟರರ ಬಾಯಲ್ಲಿ ಕನ್ನಡವೋ ತುಳುವೋ ಬರುತ್ತದೆ, ಆದರೆ ನಾನು ಕಂಡ ಕಾಗದಗಳೆಲ್ಲ ಇಂಗ್ಲಿಷಿನವು. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿ ನಮ್ಮವರು ಚಿಕಿತ್ಸೆ ಸಿಗದೆ ಸತ್ತದ್ದನ್ನು ಕಂಡ ಮೇಲೆ, ಬಡಗಿನ ಒಂದೇ ದಾರಿಯನ್ನು ನಂಬಿ ಕೂರುವಂತೆಯೂ ಇಲ್ಲ.

ಮೇಷ್ಟರುಗಳ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಅಪಧಮನಿ, ಅಭಿಧಮನಿ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಮನೆಗೆ ಹೋದರೆ ಎಲ್ಲವೂ ‘ನರ’. ಸೆಳೆತಕ್ಕೂ ನರ, ರಕ್ತಕ್ಕೂ ನರ. ಮಲಯಾಳದವರು ‘ರಕ್ತಕ್ಕುಳಲ್’ ಎಂದಾಗ ಅದು ನಮ್ಮ ಕೊಳವೆ, ಕೊಳಲುಗಳ ನಂಟಿನ ಶಬ್ದ ಎಂದು ಒಂದು ಸಲ ತರಗತಿಯಲ್ಲಿ ಹೇಳಿದ್ದರೆ, ‘ಕೀರಲ್’ ಎಂದರೆ ಹರಿತ, ಗೀರು ಅಲ್ಲ ಎಂದು ಹೇಳಿದ್ದರೆ, ಆ ಹುಡುಗ (ಅವನೂ ನನ್ನ ಶಿಷ್ಯನೇ) ತಾಯಿಯ ಬಳಿ ನಿಂತು ಅರ್ಥ ಹೇಳುತ್ತಿದ್ದ. ನಮ್ಮ ಸಂಘಗಳು ವಾರ್ಷಿಕೋತ್ಸವದ ಒಂದು ಹಾರದ ಖರ್ಚಿನಲ್ಲಿ ಕಾಲಿನ ಬಲೂನು ಚಿಕಿತ್ಸೆಯ ಬಗ್ಗೆ ಒಂದು ಪುಟವನ್ನು ಕನ್ನಡದಲ್ಲಿ ಅಚ್ಚು ಹಾಕಿಸಬಹುದು. ಡಾಕ್ಟರರಿಂದ ತಿದ್ದಿಸಿ ಜಿಲ್ಲೆಯ ಆಸ್ಪತ್ರೆಗಳಿಗೂ, ತೆಂಕು ಬಡಗಿನ ದೊಡ್ಡ ಆಸ್ಪತ್ರೆಗಳಿಗೂ ಕೊಟ್ಟರೆ ಬೇಡ ಎನ್ನುವವರು ಯಾರೂ ಇರಲಾರರು.

ನಮ್ಮ ನೆರೆಯವರ ಎಡಗಾಲಿಗೂ ಮೊನ್ನೆ ಅದೇ ಆಸ್ಪತ್ರೆಯಲ್ಲಿ, ಅದೇ ಡಾಕ್ಟರರ ಕೈಯಿಂದ ಬಲೂನು ಆಯಿತು. ಈ ಸಲ ಅಕ್ಕ ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂಬದಿಯಲ್ಲಿ ಪ್ರಶ್ನೆಗಳನ್ನು ಬರೆಸಿಕೊಂಡು ಹೋಗಿದ್ದರು. ಸುಣ್ಣ ಎಷ್ಟು ಉದ್ದ, ಒಂದು ಬದಿಯೋ ಎರಡೋ, ಹರಿಯುವ ಸಂಭವ ಎಷ್ಟು, ಹರಿದರೆ ಮೊದಲು ಏನು ಮಾಡುತ್ತೀರಿ, ಸ್ಟೆಂಟು ಇಟ್ಟರೆ ಕೂರಬಹುದೋ, ಹೆಚ್ಚಿನ ಖರ್ಚು ಎಷ್ಟು. ಡಾಕ್ಟರರು ಅಲ್ಲಿ ಕೆಲಸಕ್ಕಿದ್ದ ಮಂಜೇಶ್ವರ ಕಡೆಯ ಹೆಂಗಸೊಬ್ಬಳನ್ನು ಕರೆಸಿ ಕೂರಿಸಿಕೊಂಡು ಉತ್ತರ ಹೇಳಿದರಂತೆ. ಈ ಕಾಲಿನಲ್ಲಿ ಸುಣ್ಣ ಒಂದೇ ಬದಿಗೆ, ನಾಲ್ಕು ಬೆರಳಿನಷ್ಟು. ಭಯ ಆ ಕಾಲಿಗಿಂತ ಕಡಮೆ, ಇಲ್ಲವೇ ಇಲ್ಲ ಎಂದಲ್ಲ. ಬಲೂನು ಒಂದು ಅಳತೆ ಚಿಕ್ಕದು ಹಾಕಿ ನಿಧಾನ ಉಬ್ಬಿಸುತ್ತೇನೆ ಎಂದು. “ಹರಿದ್ರೆ ನನಗೆ ಹೊರಗೆ ಬಂದು ಹೇಳ್ತೀರಲ್ಲ?” ಎಂದು ಅಕ್ಕ ಕೇಳಿ, ಹೌದು ಎನ್ನಿಸಿಕೊಂಡ ಮೇಲೆ ಸಹಿ ಹಾಕಿದರು.

ಅಂದು ಮಧ್ಯಾಹ್ನ ನನಗೆ ಫೋನು ಬಂತು. “ಮಾಷ್ಟ್ರೆ, ಸ್ವಲ್ಪ ಹರಿದಿದೆಯಂತೆ. ‘ಬಿ’ ಅಂತೆ. ಹಾಗೇ ಬಿಟ್ಟಿದ್ದಾರಂತೆ, ಮಾಯ್ತದಂತೆ. ಡಾಕ್ಟ್ರೇ ಹೊರಗೆ ಬಂದು ಹೇಳಿದ್ರು. ನಿಮ್ಮದು ಊಟ ಆಯ್ತಾ?”